ಎರಡು ನಿಮಿಷದ ಬೀಗ

ಹಳೇ ಅಟ್ಲಾಸ್, ಹೀರೋ ಸೈಕಲ್ಲುಗಳ ಕಾಲದಲ್ಲಿ ಬೀಗ ಯಾವುದು ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಹಿಂದಿನ ಚಕ್ರದ ಮೇಲೆ ಕುದುರೆ ಲಾಳದ ಹಾಗೆ ಕೂತ ಬೀಗ. ಲಿವರ್ ಒತ್ತಿದರೆ ಸಲಾಕೆ ಕಡ್ಡಿಗಳ ನಡುವೆ ಕಟಕ್ ಎಂದು ನುಗ್ಗುತ್ತಿತ್ತು, ಕೀಲಿ ಜೇಬಿಗೆ ಹೋಗುತ್ತಿತ್ತು. ಕಂಬಕ್ಕೆ ಕಟ್ಟುವ ಮಾತೇ ಇಲ್ಲ. ಸುಮಾರು ಇಪ್ಪತ್ತು ಕಿಲೋ ಕಬ್ಬಿಣವನ್ನು ಹೆಗಲ ಮೇಲೆ ಹೊತ್ತು ಪೇಟೆಬೀದಿಯಲ್ಲಿ ಓಡುವಷ್ಟು ಕಸುವಿದ್ದವನಿಗೆ ಕಳ್ಳತನಕ್ಕಿಂತ ಕೂಲಿಯೇ ಲಾಭ. ಈಗ ನಂದಿಬೆಟ್ಟ ಹತ್ತಲೆಂದು ಲಕ್ಷ ಸುರಿದು ತಂದ ಕಾರ್ಬನ್ ಸೈಕಲ್ಲನ್ನು ನೋಡಿ. ಎಂಟು ಕಿಲೋ ತೂಗಿದರೆ ಹೆಚ್ಚು. ಪಂದ್ಯದ ಸೈಕಲ್ಲು 6.8 ಕಿಲೋಗಿಂತ ಹಗುರ ಇರಕೂಡದೆಂದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವೇ ಕಟ್ಟಳೆ ಮಾಡಿದೆ, ಇಲ್ಲದಿದ್ದರೆ ತಯಾರಕರು ಎಲ್ಲಿಗೆ ನಿಲ್ಲಿಸುತ್ತಿದ್ದರೋ. ಇಂಥದ್ದನ್ನು ಕಳ್ಳ ಒಂದು ಕೈಯಲ್ಲಿ ಎತ್ತಿಕೊಂಡು ಇನ್ನೊಂದು ಕೈಯಲ್ಲಿ ಟೀ ಕುಡಿಯುತ್ತ ಹೋಗಬಹುದು. ಇನ್ನೂರು ಗ್ರಾಂ ಇಳಿಸಲು ಸಾವಿರಗಟ್ಟಲೆ ತೆತ್ತ ಒಡೆಯನಿಗೆ ತಿಳಿದವರು ಕೊಡುವ ಸಲಹೆಯಾದರೂ ಏನು? ಒಂದೂವರೆ ಕಿಲೋದ ಯು ಆಕಾರದ ಬೀಗ ಹೊತ್ತುಕೊಂಡು ಹೋಗು!

ಇಡ್ಲಿ ಕಟ್ಟಿಸಿಕೊಳ್ಳುವಷ್ಟು ಹೊತ್ತಿಗೆ ಇಷ್ಟೆಲ್ಲ ಬೇಕಿಲ್ಲ, ಮುನ್ನೂರು ಗ್ರಾಮಿನ ಕೇಬಲ್ ಬೀಗ ಸಾಕು ಎಂದು ನನ್ನ ವಾದ. ಎರಡೇ ನಿಮಿಷವಾದರೆ ಅದಾದರೂ ಏಕೆ ಎನ್ನುವವರಿದ್ದಾರೆ. ಅವರು ವಿಟ್ಟೋರಿಯೊ ಡಿ ಸಿಕಾ 1948ರಲ್ಲಿ ತೆಗೆದ ‘ಬೈಸಿಕಲ್ ಥೀವ್ಸ್’ ಚಿತ್ರ ನೋಡಬೇಕು. ಅದರ ಬಡಪಾಯಿ ನಾಯಕ ಸೈಕಲ್ಲನ್ನು ರಾತ್ರಿಯಿಡೀ ಬೀದಿಯಲ್ಲಿ ಬಿಟ್ಟಿರಲಿಲ್ಲ. ಪಕ್ಕದಲ್ಲೇ ಏಣಿ ಹತ್ತಿ ಗೋಡೆಗೆ ಪೋಸ್ಟರ್ ಅಂಟಿಸುತ್ತಿದ್ದ, ಅಷ್ಟರಲ್ಲಿ ಹೋಯಿತು. ಕೊನೆಗೆ ಗತಿಯಿಲ್ಲದೆ ತಾನೇ ಕದಿಯಹೊರಟಾಗಲೂ ಅವನ ಕಣ್ಣಿಗೆ ಬಿದ್ದದ್ದು ಯಾರದೋ ಬಾಗಿಲ ಬಳಿ ಒರಗಿಸಿಟ್ಟ ಸೈಕಲ್ಲೇ. ಅಂಗಡಿಯವನಿಗೆ ‘ಸ್ವಲ್ಪ ನೋಡ್ಕೊಳ್ಳಿ’ ಎಂದರಾಯಿತಲ್ಲ ಎಂದರೆ, ಅವನು ಖಂಡಿತ ನೋಡಿಕೊಳ್ಳುತ್ತಾನೆ. ಯಾರೋ ಹತ್ತಿಕೊಂಡು ಹೋದದ್ದನ್ನೂ ನೋಡಿಕೊಂಡೇ ಇರುತ್ತಾನೆ, ನಿಮ್ಮ ತಮ್ಮನಿರಬೇಕು ಅಂದುಕೊಂಡು.

ಕೇಬಲ್ಲನ್ನು ಕಟರ್ ಹಿಡಿದವನು ಕ್ಷಣದಲ್ಲಿ ತುಂಡರಿಸುತ್ತಾನೆ ಎಂಬ ಆಕ್ಷೇಪ ಮಾತ್ರ ಗಟ್ಟಿಯಾದದ್ದು. ಸುಳ್ಳೆನ್ನಲಾರೆ. ಆದರೆ ಕಟರ್ ಇಟ್ಟುಕೊಂಡ ವೃತ್ತಿನಿರತನಿಗೆ ಅಪಾರ್ಟ್‌ಮೆಂಟಿನ ನೆಲಮಾಳಿಗೆ ಇದೆ, ಅಲ್ಲಿ ಕತ್ತಲೂ ಇದೆ, ವ್ಯವಧಾನವೂ ಇದೆ. ಜನ ಗಿಜಿಗುಟ್ಟುವ ದರ್ಶಿನಿಯ ಮುಂದೆ, ಒಡೆಯ ಯಾವ ಗಳಿಗೆಯಲ್ಲಾದರೂ ಕೈ ತೊಳೆದು ಬರಬಹುದೆಂಬ ಅಂಜಿಕೆಯಲ್ಲಿ ಕೆಲಸ ಮಾಡುವವನು ಬೇರೆ ಜಾತಿಯ ಕಳ್ಳ. ಆತ ಬರಿಗೈಯವನು, ಸಮಯಸಾಧಕ. ಕದಿಯಬೇಕೆಂದು ಹೊರಟವನೂ ಅಲ್ಲ, ಕಂಡಮೇಲೆ ಮನಸ್ಸಾದವನು. ಅವನಿಗೆ ಬೇಕಾದದ್ದು ಹತ್ತಿ ತುಳಿಯುವ ಸೈಕಲ್ಲು. ಇನ್ನು ದಪ್ಪ ಬೀಗವೆಂದರೆ ಭದ್ರ ಎಂದು ನಂಬಿದವರ ಗತಿ 2004ರಲ್ಲಿ ಅಮೆರಿಕದಲ್ಲಿ ಬಯಲಾಯಿತು. ಹೆಸರಾಂತ ಕ್ರಿಪ್ಟೊನೈಟ್ ಕಂಪನಿಯ, ದುಂಡು ಕೀಲಿಯ ಯು ಬೀಗಗಳನ್ನು ಬಿಕ್ ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆ ತುರುಕಿ ತೆರೆಯಬಹುದೆಂದು ಗೊತ್ತಾಗಿ, ಕಂಪನಿ ಬೀಗಗಳನ್ನು ಬದಲಿಸಿಕೊಡಬೇಕಾಯಿತು. ಪೆನ್ನು ಖಡ್ಗಕ್ಕಿಂತ ಹರಿತವೋ ಇಲ್ಲವೋ, ಉಕ್ಕಿಗಿಂತ ಚುರುಕಾಗಿತ್ತು.

ನಂಬರ್ ಬೀಗವೋ ಕೀಲಿಯದ್ದೋ? ಮೂರಂಕಿಯದ್ದಾದರೆ ಸಾವಿರ ಜೋಡಣೆ. ಒಂದಕ್ಕೆ ಎರಡು ಸೆಕೆಂಡಿನಂತೆ ತಿರುವುತ್ತ ಹೋದರೆ ಎಲ್ಲವನ್ನೂ ಮುಗಿಸಲು ಮೂವತ್ತಮೂರು ನಿಮಿಷ ಬೇಕು. ಅಷ್ಟರಲ್ಲಿ ನೀವು ಎರಡನೇ ಕಾಫಿಯನ್ನೂ ಮುಗಿಸಿರುತ್ತೀರಿ. ಅಗ್ಗದ ಬೀಗವನ್ನು ಎಳೆದು ಹಿಡಿದು ತಿರುಗಿಸಿದರೆ ಬೆರಳಿಗೆ ಸುಳಿವು ಸಿಗುತ್ತದೆ, ನಿಜ. ಆದರೆ ನಮ್ಮ ಸಮಯಸಾಧಕನಿಗೆ ಆ ವಿದ್ಯೆ ಒಲಿದಿದ್ದರೆ ಅವನು ಫುಟ್‌ಪಾತಿನಲ್ಲಿ ಏಕಿರುತ್ತಿದ್ದ? ಬೀಗಕ್ಕಿಂತ ಅದನ್ನು ಹಾಕುವ ಜಾಗ ಮುಖ್ಯ. ಮುಂದಿನ ಚಕ್ರಕ್ಕಷ್ಟೇ ಹಾಕಿದರೆ ಕ್ವಿಕ್ ರಿಲೀಸ್ ಲಿವರ್ ಬಿಚ್ಚಿ, ಚಕ್ರವೊಂದನ್ನು ನಿಮ್ಮ ನೆನಪಿಗೆಂದು ಬಿಟ್ಟು ಹೋಗುತ್ತಾರೆ. ಹಿಂದಿನ ಚಕ್ರ, ಫ್ರೇಮು, ಕಂಬ ಮೂರನ್ನೂ ಕೇಬಲ್ ಸುತ್ತಬೇಕು. ಕಂಬವೆಂದರೆ ಬೆಂಗಳೂರಿನಲ್ಲಿ ತಕ್ಕ ದಪ್ಪದ್ದು ಸುಲಭವಾಗಿ ಸಿಗುವುದು ‘ನೋ ಪಾರ್ಕಿಂಗ್’ ಫಲಕದ್ದೇ. ನಿಯಮ ಮುರಿಯಲು ಇಷ್ಟು ಅನುಕೂಲ ಇನ್ನಾರೂ ಮಾಡಿಕೊಟ್ಟಿಲ್ಲ. ಕಂಬ ಮೋಟಾಗಿದ್ದರೆ ಮಾತ್ರ ಬೇಡ, ಸೈಕಲ್ಲನ್ನು ಬೀಗದ ಸಮೇತ ಮೇಲಿಂದ ಎತ್ತಿಬಿಡುತ್ತಾರೆ. ಇಬ್ಬರಿದ್ದರೆ ಎರಡು ಸೈಕಲ್ಲನ್ನೂ ತಲೆ-ಬಾಲ ಸೇರಿಸಿ ಒಂದಕ್ಕೊಂದು ಬಿಗಿಯಿರಿ. ಒಂದು ಉತ್ತರಕ್ಕೆ, ಒಂದು ದಕ್ಷಿಣಕ್ಕೆ ಮುಖ ಮಾಡಿದ ಜೋಡಿಯನ್ನು ತಳ್ಳಿಕೊಂಡು ಹೋಗಲು ಯಾರಿಂದಲೂ ಆಗದು. ಅದನ್ನು ಬಿಡಿಸಲು ನಿಮಗೂ ಕಷ್ಟವೇ, ಮೂರಂಕಿ ಇಬ್ಬರಿಗೂ ಮರೆತಿದ್ದರಂತೂ ಕೇಳುವುದೇ ಬೇಡ.