ಬಾಲವುಳ್ಳ ಚುಕ್ಕೆಯ ಮೀಮಾಂಸೆ

ಪ್ರಸ್ತುತ ಪ್ರಬಂಧದ ವಸ್ತು ಇಂಗ್ಲಿಷಿನ ಕಾಮಾ. ಲಕ್ಷಣ: ಬಾಲವುಳ್ಳದ್ದು, ಸಾಲಿನ ಬುಡದಲ್ಲಿ ವಾಸಿಸುವಂಥದ್ದು, ಬೇಕಾದಲ್ಲಿ ನಾಪತ್ತೆಯಾಗಿ ಬೇಡವಾದಲ್ಲಿ ಹಾಜರಿರುವಂಥದ್ದು. ಕ್ರಿ.ಪೂ. 200ರ ಸುಮಾರಿಗೆ ಅಲೆಕ್ಸಾಂಡ್ರಿಯದ ಗ್ರಂಥಪಾಲ ಅರಿಸ್ಟೋಫೇನಿಸ್ (ನಾಟಕ ಬರೆದವನಲ್ಲ, ಬೇರೆಯವನು) ಗಟ್ಟಿಯಾಗಿ ಓದುವವನು ಎಲ್ಲೆಲ್ಲಿ ಎಷ್ಟು ನಿಲ್ಲಬೇಕೆಂದು ಚುಕ್ಕೆಯಿಟ್ಟು ತೋರಿಸಿದ. ಹದಿನೈದನೆಯ ಶತಮಾನದ ಕೊನೆಗೆ ವೆನಿಸ್ಸಿನ ಮುದ್ರಕ ಆಲ್ಡಸ್ ಮನೂಷಿಯಸ್‌ನ ಅಚ್ಚುಕೂಟದಲ್ಲಿ ಕಾಮಾಗೆ ಇಂದಿನ ಬಾಲದ ರೂಪ ಬಂತು. ವಿದ್ವಾಂಸರಲ್ಲಿ ಎರಡು ಮತ. ಉಸಿರು ನಿಂತಲ್ಲಿ ಹಾಕು ಎನ್ನುವುದು ಪ್ರಾಣವಾದ. ವಾಕ್ಯ ಬೇಡಿದಲ್ಲಿ ಹಾಕು ಎನ್ನುವುದು ವ್ಯಾಕರಣವಾದ. ಮೊದಲನೆಯದಕ್ಕೆ ಅತಿವ್ಯಾಪ್ತಿ ದೋಷವಿದೆ: ಅದನ್ನು ಒಪ್ಪಿದರೆ ದಮ್ಮಿನ ರೋಗಿಯ ಪತ್ರದಲ್ಲಿ ಪದಗಳಿಗೆ ಜಾಗವೇ ಉಳಿಯದು.

ಎರಡನೆಯದರ ಮಹಿಮೆಗೆ ಉದಾಹರಣೆ: ‘ಮೈ ಬ್ರದರ್ ಹೂ ಲಿವ್ಸ್ ಇನ್ ಮೈಸೂರ್ ಈಸ್ ಎ ಡಾಕ್ಟರ್’. ಹೀಗೇ ಬಿಟ್ಟರೆ ಸೋದರರು ಹಲವರು, ಮೈಸೂರಿನವನು ಡಾಕ್ಟರು. ‘ಹೂ’ ಹಿಂದೊಂದು, ‘ಮೈಸೂರ್’ ಮುಂದೊಂದು ಕಾಮಾ ಇಟ್ಟರೆ ಸೋದರ ಒಬ್ಬನೇ. ಎರಡು ಚುಕ್ಕೆಗೆ ದಾಯಾದಿಗಳೆಲ್ಲ ಮಾಯ! ಪಾಲಿನ ದಾವೆ ಹೂಡುವವರು ವಕೀಲರಿಗಿಂತ ಮೊದಲು ಇಂಗ್ಲಿಷ್ ಮೇಷ್ಟರನ್ನು ಕಾಣುವುದು ಕ್ಷೇಮ. ಜೋಡಿಯಲ್ಲಿ ಒಂದನ್ನಷ್ಟೇ ಹಾಕಿ ಸೋದರನನ್ನು ತ್ರಿಶಂಕುವಾಗಿಸುವವರೇ ಹೆಚ್ಚು. ಅವರ ವಿಚಾರ ಪ್ರಾಯಶ್ಚಿತ್ತ ಖಂಡಕ್ಕೆ ಸೇರಿದ್ದು.

ಇಷ್ಟಕ್ಕೆಲ್ಲ ಶಾಸ್ತ್ರವೇಕೆ ಎಂಬುದು ಪೂರ್ವಪಕ್ಷ. ಇದಕ್ಕೆ ಉತ್ತರವಿರುವುದು ಅಮೆರಿಕದ ಮೇನ್ ರಾಜ್ಯದಲ್ಲಿ. ಅಲ್ಲಿನ ಕಾನೂನು ಕೆಲವು ಕೆಲಸಗಳಿಗೆ ಓವರ್‌ಟೈಮ್ ಇಲ್ಲವೆಂದಿತ್ತು. ಡಬ್ಬಿಗೆ ತುಂಬುವುದು, ಸಂಸ್ಕರಿಸುವುದು, ಕೆಡದಂತೆ ಇಡುವುದು, ಒಣಗಿಸುವುದು ಎಂದೆಲ್ಲ ಸಾಗಿದ ಪಟ್ಟಿಯ ತುದಿಯಲ್ಲಿ ‘ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್’ ಎಂದಿತ್ತು. ‘ಆರ್’ ಹಿಂದೆ ಕಾಮಾ ಇರಲಿಲ್ಲ. ಓಕ್‌ಹರ್ಸ್ಟ್ ಡೇರಿಯ ಹಾಲಿನ ಲಾರಿ ಚಾಲಕರು ಕೇಳಿದರು: ಇದು ಸಾಗಣೆಗಾಗಿ ಅಥವಾ ವಿತರಣೆಗಾಗಿ ಪ್ಯಾಕ್ ಮಾಡುವ ಒಂದೇ ಕೆಲಸವಲ್ಲವೇ? ನಾವು ಹಂಚುವವರು, ಪ್ಯಾಕ್ ಮಾಡಿದ್ದು ಯಾವಾಗ? ಪಟ್ಟಿಯ ಕೊನೆಯಲ್ಲಿ ಕಾಮಾ ಬೇಡವೆಂದು ರಾಜ್ಯದ ಕಾನೂನು ಬರೆಯುವವರ ಕೈಪಿಡಿಯೇ ಹೇಳುತ್ತದೆ ಎಂದು ಡೇರಿ ವಾದಿಸಿತು. ಹೇಳುತ್ತಿದ್ದುದೂ ನಿಜ. ಆದರೂ 2017ರಲ್ಲಿ ಮೇಲ್ಮನವಿ ನ್ಯಾಯಾಲಯಕ್ಕೆ ವಾಕ್ಯ ಎರಡರ್ಥದ್ದಾಗಿ ಕಂಡಿತು. ಅನುಮಾನದ ಲಾಭ ದುಡಿಯುವವರಿಗೆ ಸಿಕ್ಕಿತು. ಮರುವರ್ಷ ಡೇರಿ 50 ಲಕ್ಷ ಡಾಲರಿಗೆ ರಾಜಿಯಾಯಿತು. ಇಷ್ಟು ಬೆಲೆ ಬಾಳುವ ಅಭಾವ ನ್ಯಾಯ, ವೈಶೇಷಿಕ ದರ್ಶನಗಳ ಕಣ್ಣಿಗೂ ಬಿದ್ದಿರಲಾರದು.

ಆ ಪಟ್ಟಿಗೆ ಒಂದು ಕಾಮಾ ಸೇರಿಸಿ ಕೈತೊಳೆದುಕೊಳ್ಳಬಹುದಿತ್ತು. ಮೇನ್ ಶಾಸನಸಭೆಗೆ ಆ ಪ್ರಾಣಿಯ ಮೇಲಿನ ನಂಬಿಕೆಯೇ ಹೋಗಿತ್ತು. ಅಲ್ಲಿದ್ದ ಕಾಮಾಗಳನ್ನೆಲ್ಲ ಕಿತ್ತು ಜಾಗಜಾಗಕ್ಕೆ ಅರ್ಧವಿರಾಮ ನೆಟ್ಟಿತು, ‘ಆರ್’ ಹಿಂದೆಯೂ ಒಂದು.