13.6 ಕೋಟಿ ಡಾಲರಿನ ಆಟಿಕೆ

2011ರಲ್ಲಿ ಲಿನಕ್ಸ್ ಜನಕ ಲಿನಸ್ ಟೊರ್ವಾಲ್ಡ್ಸ್ ತೀರ್ಪು ಕೊಟ್ಟುಬಿಟ್ಟರು. ಯೂಸರ್‌ಸ್ಪೇಸ್ ಫೈಲ್‌ಸಿಸ್ಟಂ, ಅಂದರೆ ಕರ್ನಲ್ ಎಂಬ ಲಿನಕ್ಸ್ ತಿರುಳಿನ ಹೊರಗೆ ಕೂತು ಫೈಲು ನೋಡಿಕೊಳ್ಳುವ ಪ್ರೋಗ್ರಾಂ, ಆಟಿಕೆಗಷ್ಟೇ ಲಾಯಕ್ಕು, ಅದಕ್ಕಿಂತ ಹೆಚ್ಚಿನದು ಎಂದು ನಂಬಿದವರು ದಾರಿ ತಪ್ಪಿದವರು. ಅದೇ ವರ್ಷ ಅಕ್ಟೋಬರ್‌ನಲ್ಲಿ ರೆಡ್ ಹ್ಯಾಟ್ 13.6 ಕೋಟಿ ಡಾಲರ್ ಸುರಿದು ಗ್ಲಸ್ಟರ್ ಕಂಪನಿಯನ್ನು ಕೊಂಡಿತು. ಗ್ಲಸ್ಟರ್ ಮಾಡುತ್ತಿದ್ದದ್ದೇ ಯೂಸರ್‌ಸ್ಪೇಸ್ ಫೈಲ್‌ಸಿಸ್ಟಂ. ಅದಕ್ಕೆ ಬೆಂಗಳೂರಿನಲ್ಲೂ ಎಂಜಿನಿಯರಿಂಗ್ ಕಚೇರಿಯಿತ್ತು. ಲಿನಕ್ಸ್ ನೆಚ್ಚಿ ಬದುಕುವ ಕಂಪನಿಗೇ ಲಿನಸ್ ಮಾತು ನಾಟಲಿಲ್ಲ.

ಅಷ್ಟಕ್ಕೂ ಆಟಿಕೆಯನ್ನು ಒಳಗೆ ಬಿಟ್ಟುಕೊಂಡವರು ಯಾರು? ಇಂಥ ಹೊರಗಿನ ಫೈಲ್‌ಸಿಸ್ಟಂಗೆ ಕರ್ನಲ್ ಜೊತೆ ಸಂಪರ್ಕ ಕೊಡುವ ಫ್ಯೂಸ್ 2005ರಲ್ಲೇ, 2.6.14 ಆವೃತ್ತಿಯಲ್ಲೇ, ಕರ್ನಲ್ ಸೇರಿಯಾಗಿತ್ತು. ಬಾಗಿಲು ತೆರೆದವರೇ ಮೂಗು ಮುರಿದರು.

ಫ್ಯೂಸ್ ನಿಧಾನ ಎನ್ನುವುದು ನಿಜ. ಅಲ್ಲ ಎನ್ನುವವರ ಜೊತೆ ವಾದಕ್ಕಿಳಿಯಬೇಡಿ. ಪ್ರೋಗ್ರಾಂ ಒಂದು ಫೈಲ್ ಬೇಕೆಂದು ಕರ್ನಲ್‌ಗೆ ಹೇಳುತ್ತದೆ. ಕರ್ನಲ್ ಆ ಕೋರಿಕೆಯನ್ನು ಸರದಿಗೆ ಹಾಕಿ, ಹೊರಗೆ ಕೂತ ಡೀಮನ್ ಎಂಬ ಪ್ರೋಗ್ರಾಂ ಅನ್ನು ಎಬ್ಬಿಸುತ್ತದೆ. ಡೀಮನ್ ಅದನ್ನು ಹಿಡಿದು ಅದೇ ಕರ್ನಲ್‌ಗೆ ಮರಳಿ, ಡಿಸ್ಕಿನಿಂದ ತೆಗೆದುಕೊಡಿ ಎನ್ನುತ್ತದೆ. ಸಿಕ್ಕಿದ್ದನ್ನು ಪುನಃ ಕರ್ನಲ್ ಕೈಗಿಡುತ್ತದೆ. ಆರ್‌ಟಿಒ ಕೌಂಟರ್‌ಗೆ ಹೋದವನನ್ನು ಹೊರಗಿನ ಏಜೆಂಟ್ ಹತ್ತಿರ ಅಟ್ಟುತ್ತಾರೆ, ಆ ಏಜೆಂಟ್ ಅರ್ಜಿ ಹಿಡಿದು ಅದೇ ಕೌಂಟರ್‌ಗೆ ಬಂದು ನಿಲ್ಲುತ್ತಾನೆ. ಥೇಟ್ ಅದೇ.

ಎಷ್ಟು ನಿಧಾನ? ಕಳ್ಳಾಟ ಶುರುವಾಗುವುದೇ ಇಲ್ಲಿ.

ಫ್ಯೂಸ್ ಮಾರುವವರು ಒಂದು ಭಾರಿ ಫೈಲನ್ನು ತಲೆಯಿಂದ ಬಾಲದವರೆಗೆ ಓದಿ ತೋರಿಸುತ್ತಾರೆ. ವ್ಯತ್ಯಾಸವೇ ಇಲ್ಲ! ಕರ್ನಲ್ ಭಕ್ತರು ಸಾವಿರಾರು ಪುಟಾಣಿ ಫೈಲುಗಳನ್ನು ಹುಟ್ಟಿಸಿ, ಅಳಿಸಿ ತೋರಿಸುತ್ತಾರೆ. ಸರ್ವನಾಶ! ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯ ಮತ್ತು ಐಬಿಎಂ ಸಂಶೋಧಕರು 2017ರಲ್ಲಿ ಅಳೆದು ನೋಡಿದರು. ಕೆಲವು ಕೆಲಸಗಳಲ್ಲಿ ವ್ಯತ್ಯಾಸ ಗೊತ್ತೇ ಆಗಲಿಲ್ಲ. ಕೆಲವುಗಳಲ್ಲಿ, ಎಲ್ಲ ಸುಧಾರಣೆ ಮಾಡಿದ ಮೇಲೂ, ಶೇ. 83ರಷ್ಟು ಹೊಡೆತ. ವರದಿ ಒಂದೇ. ಫ್ಯೂಸ್‌ನವರು ಮೊದಲ ಸಾಲು ಓದುತ್ತಾರೆ, ಕರ್ನಲ್‌ನವರು ಕೊನೆಯ ಸಾಲು. ಸಿಪಿಯು ಬಳಕೆ ಶೇ. 31ರಷ್ಟು ಹೆಚ್ಚಿದ್ದನ್ನು ಓದಲು ಯಾರಿಗೂ ಪುರುಸೊತ್ತಿಲ್ಲ. ಕರೆಂಟ್ ಬಿಲ್ ಕಟ್ಟುವವನು ಬೇರೆ ತಾನೇ?

ನಮ್ಮ ನಿಮ್ಮ ಡಿಸ್ಕಿನಲ್ಲಿರುವುದು ಆ ಭಾರಿ ಫೈಲ್ ಅಲ್ಲ. ವಾಟ್ಸಾಪ್ ಫೋಲ್ಡರ್. ಶುಭೋದಯದ ಗುಲಾಬಿ, ಏಕಾದಶಿಯ ವಿಠಲ, ಯಾರದೋ ಗೃಹಪ್ರವೇಶದ ಆಮಂತ್ರಣ. ಎಲ್ಲ ಚೂರುಪಾರು. ವಿಂಡೋಸ್‌ನ ಎನ್‌ಟಿಎಫ್‌ಎಸ್ ಮಾದರಿಯ ಹಾರ್ಡ್‌ಡಿಸ್ಕ್ ಒಂದನ್ನು ಹಳೆಯ ಲಿನಕ್ಸ್‌ಗೆ ಸಿಕ್ಕಿಸಿ ಈ ಫೋಲ್ಡರನ್ನು ಕಾಪಿ ಮಾಡಿ, ಪಕ್ಕದಲ್ಲಿ ಯಾವ ಪ್ರೋಗ್ರಾಂ ಎಷ್ಟು ಸಿಪಿಯು ತಿನ್ನುತ್ತಿದೆಯೆಂದು ಪಟ್ಟಿ ಮಾಡುವ ‘ಟಾಪ್’ ಓಡಿಸಿ. ಪಟ್ಟಿಯ ನೆತ್ತಿಯ ಮೇಲೆ ‘ಮೌಂಟ್.ಎನ್‌ಟಿಎಫ್‌ಎಸ್’ ಎಂಬ ಫ್ಯೂಸ್ ಡೀಮನ್ ಬೆವರು ಸುರಿಸುತ್ತಿರುತ್ತದೆ.

ಆ ಬೆವರಿಗೆ ಹೊಣೆ ಯಾರು? ಕರ್ನಲ್‌ನಲ್ಲಿ ಎನ್‌ಟಿಎಫ್‌ಎಸ್ ಡ್ರೈವರ್ ಇತ್ತು. ಓದುತ್ತಿತ್ತು. ಬರೆಯುವುದು ಬರೀ ಶಾಸ್ತ್ರಕ್ಕೆ. ಹಾಗಾಗಿ ಊರಿಗೆ ಊರೇ ಎನ್‌ಟಿಎಫ್‌ಎಸ್-3ಜಿ ಎಂಬ ಫ್ಯೂಸ್ ಡ್ರೈವರ್‌ಗೆ ಜೋತುಬಿತ್ತು. ಅದರ ಮೊದಲ ಸ್ಥಿರ ಆವೃತ್ತಿ 2007ರದ್ದು. ನೆಟ್ಟಗೆ ಬರೆಯಬಲ್ಲ ಡ್ರೈವರ್ ಕರ್ನಲ್‌ಗೆ ಬಂದದ್ದು 2021ರಲ್ಲಿ, ಅದೂ ಪ್ಯಾರಗಾನ್ ಕಂಪನಿ ತಾನಾಗಿ ತಂದುಕೊಟ್ಟ ಮೇಲೆ. ಅಲ್ಲಿಯವರೆಗೂ ಕೆಲಸ ಮಾಡಿದ್ದು ಆಟಿಕೆ. ವೇಗದ ಉಪದೇಶ ಮಾತ್ರ ಕರ್ನಲ್ ಪೀಠದಿಂದ.

ಗೂಗಲ್ ಕಥೆ ಇನ್ನೂ ಚಂದ. ಆಂಡ್ರಾಯ್ಡ್‌ನ ಮೆಮೊರಿ ಕಾರ್ಡ್‌ಗೆ ಮೊದಲು ಫ್ಯೂಸ್ ಇಟ್ಟರು. ನಿಧಾನ ಎಂದರು. ಆಂಡ್ರಾಯ್ಡ್ 8ರಲ್ಲಿ ಅದನ್ನು ಕಿತ್ತು ಕರ್ನಲ್ ಒಳಗೆ ಎಸ್‌ಡಿಕಾರ್ಡ್‌ಎಫ್‌ಎಸ್ ಕೂರಿಸಿದರು. 2020ರಲ್ಲಿ, ಆಂಡ್ರಾಯ್ಡ್ 11ರಲ್ಲಿ, ಖಾಸಗಿತನದ ಜ್ಞಾನೋದಯವಾಯಿತು. ಯಾವ ಆ್ಯಪ್ ಯಾವ ಫೋಟೊ ಮುಟ್ಟುತ್ತದೆಂದು ನೋಡಬೇಕಲ್ಲ? ಮತ್ತೆ ಫ್ಯೂಸ್. ಆಂಡ್ರಾಯ್ಡ್ 12ರಲ್ಲಿ ಪಾಸ್‌ಥ್ರೂ. ಅಂದರೆ ಓದು ಬರಹಕ್ಕೆ ಡೀಮನ್ ಹೆಸರಿಗಷ್ಟೇ, ಅವು ನೇರವಾಗಿ ಕರ್ನಲ್‌ನಲ್ಲೇ.

ಗಮನಿಸಿ. ಯೂಸರ್‌ಸ್ಪೇಸ್ ಫೈಲ್‌ಸಿಸ್ಟಂ ಚುರುಕಾಗಿಸಲು ಫ್ಯೂಸ್‌ನವರು ಕಂಡುಕೊಂಡ ದೊಡ್ಡ ಉಪಾಯಗಳೆಲ್ಲ ಯೂಸರ್‌ಸ್ಪೇಸ್‌ಗೆ ಹೋಗದೇ ಇರುವ ಉಪಾಯಗಳು. ಕರ್ನಲ್ ಕ್ಯಾಶ್‌ನಲ್ಲಿ ಸಿಕ್ಕಿದರೆ ಡೀಮನ್ ಅನ್ನು ಕೇಳಬೇಡ. ಬರೆದದ್ದನ್ನು ಕರ್ನಲ್‌ನಲ್ಲೇ ಕೂಡಿಟ್ಟುಕೊಂಡು ಒಟ್ಟಿಗೆ ಕಳಿಸು. ಪಾಸ್‌ಥ್ರೂ ಇದ್ದರೆ ಡೀಮನ್ ಕಡೆ ತಿರುಗಿಯೂ ನೋಡಬೇಡ. ಇಷ್ಟಾದ ಮೇಲೆ ವೇದಿಕೆ ಹತ್ತಿ ಭಾಷಣ: ಫ್ಯೂಸ್ ಈಗ ನೇಟಿವ್‌ನಷ್ಟೇ ವೇಗ!

ಸುರಕ್ಷತೆಯಾದರೂ ಇದೆಯಲ್ಲ ಎನ್ನುತ್ತಾರೆ. ಇದೆ. ಡೀಮನ್ ಸತ್ತರೆ ಕಂಪ್ಯೂಟರ್ ಸಾಯುವುದಿಲ್ಲ. ನಿಮ್ಮ ಫೋಲ್ಡರ್ ಮಾತ್ರ ‘ಟ್ರಾನ್ಸ್‌ಪೋರ್ಟ್ ಎಂಡ್‌ಪಾಯಿಂಟ್ ಈಸ್ ನಾಟ್ ಕನೆಕ್ಟೆಡ್’ ಎಂದು ಬಡಬಡಿಸುತ್ತದೆ.

2024ರಲ್ಲಿ ಪಾಸ್‌ಥ್ರೂ ಮುಖ್ಯ ಲಿನಕ್ಸ್‌ಗೂ ಬಂತು, 6.9 ಆವೃತ್ತಿಯಲ್ಲಿ. ಓದು ಬರಹಕ್ಕೆ ಮಾತ್ರ. ಫೈಲ್ ತೆರೆಯಲು, ಹುಟ್ಟಿಸಲು, ಅಳಿಸಲು ಈಗಲೂ ಡೀಮನ್ ಬಾಗಿಲೇ ಗತಿ. ಭಾರಿ ಫೈಲಿಗೆ ಹೆದ್ದಾರಿ, ಶುಭೋದಯದ ಗುಲಾಬಿಗೆ ಅದೇ ಸರದಿ. ಅದೇ 6.9ರಲ್ಲಿ ಕರ್ನಲ್ ತನ್ನ ಹಳೆಯ ಎನ್‌ಟಿಎಫ್‌ಎಸ್ ಡ್ರೈವರನ್ನು ಸದ್ದಿಲ್ಲದೆ ಕಿತ್ತುಹಾಕಿತು. ಎನ್‌ಟಿಎಫ್‌ಎಸ್-3ಜಿ ಇವತ್ತಿಗೂ ಸಿಗುತ್ತದೆ.