ಕೈಗಣಕದ ದ್ವಿಹಸ್ತ ಸಿದ್ಧಾಂತ: ಗದಗ ಸೀಮೆಯ ಸಾಕ್ಷ್ಯಗಳ ಬೆಳಕಿನಲ್ಲಿ ಒಂದು ವಿವೇಚನೆ

ಕೈಯಲ್ಲಿ ಹಿಡಿದು ನಡೆಸುವ ಗಣಕಯಂತ್ರಗಳ ಕುರಿತು ಈವರೆಗೆ ಬಂದಿರುವ ಕೈಪಿಡಿಗಳೆಲ್ಲ ಒಂದೇ ಒಂದು ತಪ್ಪಿನ ಬುನಾದಿಯ ಮೇಲೆ ನಿಂತಿವೆ. ಯಂತ್ರ ಒಂದು, ಅದಕ್ಕೆ ಬಳಕೆದಾರ ಒಬ್ಬ ಎಂದು ಅವು ನಂಬಿಕೊಂಡಿವೆ. ಡಬ್ಬಿ ಒಡೆಯಿರಿ, ಚಾರ್ಜಿಗೆ ಹಾಕಿರಿ, ಭಾಷೆ ಆರಿಸಿರಿ, ಹೆಸರು ತುಂಬಿರಿ, ಗುಟ್ಟಿನ ನಂಬರು ಇಟ್ಟುಕೊಳ್ಳಿರಿ. ಆಮೇಲೆ ನೀವುಂಟು, ನಿಮ್ಮ ಯಂತ್ರವುಂಟು. ಇದು ಅವುಗಳ ಒಟ್ಟು ದರ್ಶನ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂಬ ನಾಲ್ಕು ಊರುಗಳ ಸಾಕ್ಷ್ಯದ ಮುಂದೆ (ಬೆಟಗೇರಿಯವರು ಐದು ಎಂದು ಎಣಿಸುತ್ತಾರೆ, ಆ ವ್ಯಾಜ್ಯ ಇಲ್ಲಿ ಬೇಡ) ಈ ದರ್ಶನ ಒಂದು ಗಳಿಗೆಯೂ ನಿಲ್ಲಲಾರದು. ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇಷ್ಟೇ: ಕೈಗಣಕವನ್ನು ಹಿಡಿಯುವವರು ಒಬ್ಬರು, ಒತ್ತುವವರು ಇನ್ನೊಬ್ಬರು. ಇಬ್ಬರಿರುವುದೇ ನಿಯಮ, ಒಬ್ಬರೇ ಇರುವುದು ಅಪವಾದ. ಇದನ್ನು ದ್ವಿಹಸ್ತ ಸಿದ್ಧಾಂತವೆಂದು ಕರೆಯುತ್ತೇನೆ. ಸಂಸ್ಕೃತದ ಹೆಸರಿಲ್ಲದ ಸಿದ್ಧಾಂತವನ್ನು ವಿದ್ವಾಂಸರು ಓದುವುದಿಲ್ಲ.

ಮೊದಲ ಆಧಾರ ಗದಗಿನ ವೀರನಾರಾಯಣ ಗುಡಿಯಲ್ಲಿದೆ. ಸುಮಾರು ಹದಿನೈದನೆಯ ಶತಮಾನದಲ್ಲಿ ಕೋಳಿವಾಡದ ನಾರಣಪ್ಪ ಹತ್ತು ಪರ್ವಗಳ ಭಾರತ ಬರೆದು, ಇದರ ಕವಿ ವೀರನಾರಾಯಣ, ತಾನು ಲಿಪಿಕಾರ ಮಾತ್ರ ಎಂದು ಆರಂಭದಲ್ಲೇ ಹೇಳಿಬಿಟ್ಟ. ಇದನ್ನು ಭಕ್ತಿ ಎಂದವರುಂಟು, ವಿನಯ ಎಂದವರುಂಟು. ಅದೇ ಉಸಿರಿನಲ್ಲಿ, ಹಲಗೆ ಬಳಪ ಹಿಡಿಯದವನು ತಾನು, ಬರೆದದ್ದನ್ನು ಅಳಿಸದವನು ತಾನು ಎಂದು ಎದೆ ತಟ್ಟಿಕೊಂಡವನಿಗೆ ವಿನಯದ ಬಾಧೆ ಇತ್ತೆಂದು ನಂಬುವುದು ಕಷ್ಟ. ಆದ್ದರಿಂದ ಆ ಮಾತನ್ನು ಶುದ್ಧ ತಾಂತ್ರಿಕ ಹೇಳಿಕೆಯಾಗಿ ಓದಬೇಕು. ಖಾತೆ ವೀರನಾರಾಯಣನ ಹೆಸರಿನಲ್ಲಿ, ಒತ್ತಿದವನು ನಾರಣಪ್ಪ. ಅಳಿಸುವ ಗುಂಡಿಗೆ ಆತ ಕೈ ಹಚ್ಚಲೇ ಇಲ್ಲ. ಕೊಳದಲ್ಲಿ ಮಿಂದು ಒದ್ದೆ ಬಟ್ಟೆಯಲ್ಲಿ ಕಂಬಕ್ಕೆ ಒರಗಿ ಕೂತರೆ ಕಾವ್ಯ ಹರಿಯುತ್ತಿತ್ತು, ಬಟ್ಟೆ ಒಣಗಿದೊಡನೆ ನಿಲ್ಲುತ್ತಿತ್ತು ಎಂಬ ಐತಿಹ್ಯವನ್ನೂ ಇಲ್ಲೇ ಗಮನಿಸತಕ್ಕದ್ದು. ಚಾರ್ಜು ಎಷ್ಟು ಹೊತ್ತು ನಿಲ್ಲುತ್ತದೆಂಬುದಕ್ಕೆ ಕನ್ನಡದಲ್ಲಿ ಇಷ್ಟು ಖಚಿತವಾದ ಹಳೆಯ ದಾಖಲೆ ಇನ್ನೊಂದು ಕಾಣೆ. ಗದಗಿನ ಏಪ್ರಿಲ್ ಬಿಸಿಲಿಗೆ ಒದ್ದೆ ಧೋತರ ಎಷ್ಟು ಬೇಗ ಒಣಗುತ್ತದೆಂದು ಬಲ್ಲವರು, ಆತ ದಿನಕ್ಕೆ ಎಷ್ಟು ಸಲ ಮೀಯಬೇಕಾಯಿತೆಂದು ಲೆಕ್ಕ ಹಾಕಿಕೊಳ್ಳಲಿ.

ಎರಡನೆಯ ಆಧಾರ ಕಲ್ಲಿನದು. ಲಕ್ಷ್ಮೇಶ್ವರ ಎಂದರೆ ಹಿಂದಿನ ಪುಲಿಗೆರೆ, ಕನ್ನಡದ ತಿರುಳು ಇರುವ ನಾಡಿನ ಒಂದು ಮೂಲೆ ಎಂದು ಕವಿರಾಜಮಾರ್ಗ ಹೆಸರಿಸಿದ ಊರು. ಅಲ್ಲಿನ ಶಾಸನಗಳನ್ನು ನೋಡಿರಿ: ದಾನ ಕೊಟ್ಟವನು ಬೇರೆ, ಪದ್ಯ ಕಟ್ಟಿದವನು ಬೇರೆ, ಉಳಿ ಹಿಡಿದವನು ಬೇರೆ. ದಾನ ಕೊಟ್ಟ ದೊರೆಯೇ ಉಳಿ ಹಿಡಿದು ಕೂತ ದೃಷ್ಟಾಂತವನ್ನು ಎದುರು ಪಕ್ಷದವರು ತೋರಿಸಲಿ, ಈ ಪ್ರಬಂಧವನ್ನು ಇಲ್ಲಿಗೇ ನಿಲ್ಲಿಸಬಹುದು. ಶಾಸನದ ಕೊನೆಗೆ ಬರುವ ಶಾಪಾಶಯವಂತೂ ಇನ್ನೂ ಮಹತ್ವದ್ದು. ಈ ದಾನವನ್ನು ಕೆಡಿಸಿದವನು ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುವನು, ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುವನು ಎಂಬ ಆ ಸಾಲುಗಳು ಇಂದಿನ ನಿಯಮ ಮತ್ತು ಷರತ್ತುಗಳ ನೇರ ಪೂರ್ವಜರು. ಎಲ್ಲ ಕಡೆಯೂ ಹೆಚ್ಚುಕಡಿಮೆ ಅದೇ ಒಕ್ಕಣೆ, ಎಲ್ಲರಿಗೂ ಅನ್ವಯ, ಯಾರೂ ಪೂರ್ತಿ ಓದಿಲ್ಲ, ಎಲ್ಲರೂ ಒಪ್ಪಿದ್ದಾರೆ. ವ್ಯತ್ಯಾಸ ವಾಯಿದೆಯದು. ಶಾಸನದ ನೆತ್ತಿಯಲ್ಲಿ ಸೂರ್ಯ ಚಂದ್ರರನ್ನು ಕೊರೆದಿರುತ್ತಾರೆ, ಅವರಿಬ್ಬರು ಇರುವ ತನಕ ಈ ದತ್ತಿ ನಡೆಯುತ್ತದೆ ಎಂದು ಅರ್ಥ. ಇಂದಿನ ರಿಚಾರ್ಜು ನಡೆಯುವುದು 28 ದಿನ. ನಕ್ಷತ್ರಮಾನದ ತಿಂಗಳಿಗೆ 27 ದಿನದ ಮೇಲೆ ಚೂರು, ಹುಣ್ಣಿಮೆಯಿಂದ ಹುಣ್ಣಿಮೆಗೆ 29 ದಿನದ ಮೇಲೆ ಅರ್ಧ. ಎರಡರ ನಡುವೆ 28 ಕೂತಿದೆ. ಕಂಪನಿಗಳು ಒಪ್ಪಂದದಿಂದ ಸೂರ್ಯನನ್ನು ಕೈಬಿಟ್ಟು ಚಂದ್ರನೊಬ್ಬನನ್ನೇ ಉಳಿಸಿಕೊಂಡಿವೆ ಎಂಬುದು ಇದರಿಂದ ಸಿದ್ಧವಾಗುತ್ತದೆ. ಇದರ ಆರ್ಥಿಕ ಫಲ ವರ್ಷಕ್ಕೆ 12ರ ಬದಲು 13 ರಿಚಾರ್ಜು.

ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಬೇಕೆಂಬುದು ಕಾವ್ಯಕ್ಕೂ ಕಲ್ಲಿಗೂ ಮಾತ್ರ ಸೀಮಿತವಲ್ಲ. ಲಕ್ಕುಂಡಿಯ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಮಾಡಿದಳು ಎಂದು ಯಾರೂ ಹೇಳಿಲ್ಲ, ಮಾಡಿಸಿದಳು ಎಂದೇ ಎಲ್ಲರೂ ಹೇಳಿದ್ದಾರೆ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಹುಟ್ಟುಹಾಕಿದ ಸಹಕಾರಿ ಸಂಘ ದೇಶದ ಮೊದಲ ಕೃಷಿ ಪತ್ತಿನ ಸಂಘವೆಂದು ಪ್ರಸಿದ್ಧ. ಅಂಥ ಸಂಘಗಳಲ್ಲಿ ಸಾಲ ಒಬ್ಬನಿಗೆ, ಜಾಮೀನು ಇನ್ನೊಬ್ಬನದು. ಈಗ ಬ್ಯಾಂಕುಗಳು ಎರಡು ಹಂತದ ಖಾತ್ರಿ ಎಂದು ಡಂಗುರ ಸಾರುವ ಏರ್ಪಾಡನ್ನು ನಮ್ಮ ರೈತ ಎಷ್ಟೋ ಕಾಲದ ಹಿಂದೆಯೇ ಪಂಚೆಯ ಚುಂಗು ಹಿಡಿದು ಮುಗಿಸಿದ್ದ. ಓಟಿಪಿ ಎಂಬುದು ಜಾಮೀನುದಾರನ ನಿರಾಕಾರ ರೂಪ. ಅದು ಬೆಂಗಳೂರಿನಲ್ಲೋ ಗೋವಾದಲ್ಲೋ ದುಡಿಯುವ ಮಗನ ನಂಬರಿಗೆ ಹೋಗುತ್ತದೆ, ಆತ ಪಾಳಿ ಮುಗಿಸಿ ಫೋನು ಎತ್ತುವುದರೊಳಗೆ ಹತ್ತು ನಿಮಿಷ ದಾಟಿರುತ್ತದೆ.

ಇನ್ನು ಯಂತ್ರವನ್ನು ಸಿದ್ಧಗೊಳಿಸುವ ವಿಧಿ. ಕೈಪಿಡಿಗಳು ಇದನ್ನು ಐದು ನಿಮಿಷದ ಕೆಲಸವೆನ್ನುತ್ತವೆ. ಶಿರಹಟ್ಟಿಯ ಕಡೆಯ ಒಂದು ಮನೆಯ ಕಟ್ಟೆಯ ಮೇಲೆ ಅಜ್ಜ ಫೋನು ಹಿಡಿದಿದ್ದಾನೆ, ಮೊಮ್ಮಗ ಪಕ್ಕದಲ್ಲಿ ಬಗ್ಗಿ ಒತ್ತುತ್ತಿದ್ದಾನೆ ಎಂದು ಇಟ್ಟುಕೊಳ್ಳೋಣ. ಯಂತ್ರ ಮೊದಲು ಹುಟ್ಟಿದ ತಾರೀಖು ಕೇಳುತ್ತದೆ. ಈ ಸೀಮೆಯಲ್ಲಿ ಸಾಲಿಗೆ ಹೋದವರು ಬಹುಮಂದಿ ಜೂನ್ 1ರಂದು ಹುಟ್ಟಿದ್ದಾರೆ, ಹೋಗದವರು ಜನವರಿ 1ರಂದು. ಮೊದಲನೆಯದು ಮಾಸ್ತರರ ಕೃಪೆ, ಎರಡನೆಯದು ಆಧಾರಿನದು. ಅಜ್ಜನಿಗೆ ಗೊತ್ತಿರುವುದು ದೊಡ್ಡ ಬರ ಬಿದ್ದ ಮರುವರ್ಷ ಕಾರಹುಣ್ಣಿವಿ ಮುಂದ ಎಂಬುದಷ್ಟೇ, ಅದನ್ನು ತುಂಬುವುದಕ್ಕೆ ಯಂತ್ರದಲ್ಲಿ ಜಾಗವಿಲ್ಲ. ಆಮೇಲೆ ಪ್ರದೇಶ ಆರಿಸಿರಿ ಎನ್ನುತ್ತದೆ. ಸುಲಭದ ಪ್ರಶ್ನೆಯೆಂದು ಕಂಡರೂ ಚರಿತ್ರೆ ಬಲ್ಲವರು ಇಲ್ಲಿ ತಡವರಿಸಬೇಕು. 1948ರ ತನಕ ಶಿರಹಟ್ಟಿ ಸಾಂಗ್ಲಿಯದು, ಲಕ್ಷ್ಮೇಶ್ವರ ಮೀರಜದ್ದು, ಗದಗ-ಮುಂಡರಗಿ ಮುಂಬೈ ಇಲಾಖೆಯವು. ಮುಂಡರಗಿಯಿಂದ ತುಂಗಭದ್ರೆ ದಾಟಿ ಹೂವಿನಹಡಗಲಿಗೆ ಹೋದರೆ ಮದರಾಸು, ಆಚೆ ಕೊಪ್ಪಳಕ್ಕೆ ಹೊರಳಿದರೆ ನಿಜಾಮ. ಆ ಕಾಲಕ್ಕೆ ಫೋನು ಇದ್ದಿದ್ದರೆ ಎತ್ತಿನ ಗಾಡಿಯವನಿಗೆ ರೋಮಿಂಗಿನಲ್ಲೇ ಬಾಡಿಗೆ ಮುಗಿಯುತ್ತಿತ್ತು. ಕೊನೆಗೆ ಬೀಗ. ಒಂಬತ್ತು ಚುಕ್ಕಿಯ ಮೇಲೆ ಬೆರಳಾಡಿಸಿ ಗೆರೆ ಎಳೆಯುವುದನ್ನು ಗುಟ್ಟು ಎಂದು ಕಂಡುಹಿಡಿದವನು, ಬೆಳಗಾದರೆ ಅಂಗಳದಲ್ಲಿ ಚುಕ್ಕಿ ರಂಗೋಲಿ ಹಾಕುವ ಹೆಂಗಸರಿರುವ ಸೀಮೆಯನ್ನು ಕಂಡಿರಲಿಕ್ಕಿಲ್ಲ. ಮೊಮ್ಮಗ ಎಳೆದ ಗೆರೆಯನ್ನು ಅಡುಗೆಮನೆಯ ಬಾಗಿಲಿನಿಂದಲೇ ನೋಡಿ ಅಜ್ಜಿ ಬಾಯಿಪಾಠ ಮಾಡಿರುತ್ತಾಳೆ. ಇಷ್ಟೆಲ್ಲ ಆದ ಮೇಲೆ ಅಜ್ಜನದು ಒಂದೇ ಮಾತು: “ಏ ತಮ್ಮಾ, ಇದನ್ನಟು ನೋಡಪಾ, ಮತ್ತೇನೋ ಬಂದೈತಿ.” ಮೊಮ್ಮಗನದೂ ಒಂದೇ: “ತಡಿ ಅಜ್ಜಾ, ಅಪ್‌ಡೇಟ್ ಆಗಾಕತ್ತೈತಿ.” ಕೈಪಿಡಿ ಬರೆದವರು ಈ ಎರಡು ಮಾತನ್ನು ಮುಖಪುಟಕ್ಕೆ ಹಾಕಿದ್ದರೆ ಒಳಗಿನ ಪುಟಗಳು ಬೇಕಾಗುತ್ತಿರಲಿಲ್ಲ.

ಮನೆಯ ಯಂತ್ರ ಬಿಟ್ಟು ಸರ್ಕಾರದ ಯಂತ್ರಕ್ಕೆ ಬಂದರೆ ಸಿದ್ಧಾಂತ ಸಡಿಲಾಗುವುದಿಲ್ಲ, ಬಿಗಿಯಾಗುತ್ತದೆ. ವಾಯವ್ಯ ಕರ್ನಾಟಕ ಸಾರಿಗೆಯ ಕಂಡಕ್ಟರರ ಕೊರಳಲ್ಲಿ ತೂಗುವ ಟಿಕೆಟ್ ಮಷಿನ್ನು ಅಪ್ಪಟ ಕೈಗಣಕ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಅದು ಸೊನ್ನೆ ರೂಪಾಯಿಯ ಟಿಕೆಟ್ ಕೊಡುತ್ತಿದೆ. ಒತ್ತುವವರು ಕಂಡಕ್ಟರ್, ಹಿಡಿಯುವವಳು ಪ್ರಯಾಣಿಕಳು, ಹಣ ತೆರುವುದು ಸರ್ಕಾರ. ಗದಗಿನಿಂದ ಲಕ್ಷ್ಮೇಶ್ವರಕ್ಕೆ ಹೊರಟ ಬಸ್ಸು ಮುಳಗುಂದ ಮುಟ್ಟುವುದರೊಳಗೆ ಈ ಮೂರು ಕೈಯ ವ್ಯವಹಾರ ಎಷ್ಟು ಸಲ ನಡೆಯುತ್ತದೆಂದು ಸಂತೆಯ ದಿನ ಹತ್ತಿದವರು ಬಲ್ಲರು. ಹೆಸ್ಕಾಂ ಮೀಟರ್ ಓದುವವರ ಮಷಿನ್ನಿನಿಂದ ಅದೇ ವರ್ಷ ಗೃಹಜ್ಯೋತಿಯ ಸೊನ್ನೆ ಬಿಲ್ಲುಗಳು ಹೊರಬಿದ್ದವು, ಅಲ್ಲಿಯೂ ಲೆಕ್ಕ ಇದೇ. ನ್ಯಾಯಬೆಲೆ ಅಂಗಡಿಯ ಮಷಿನ್ನು ಮಾತ್ರ ಬೆರಳು ಕೇಳುತ್ತದೆ, ಕಾರ್ಡಿನಲ್ಲಿದ್ದವರ ಸ್ವಂತ ಬೆರಳನ್ನೇ ಕೇಳುತ್ತದೆ. ಕೈಪಿಡಿಯ ಏಕಬಳಕೆದಾರ ದರ್ಶನ ಪೂರ್ತಿಯಾಗಿ ಜಾರಿಗೆ ಬಂದಿರುವುದು ಇದೊಂದು ಕಡೆ. ಬೆಟಗೇರಿಯ ಮಗ್ಗದ ಮೇಲೆ, ಮುಂಡರಗಿಯ ಎರೆಹೊಲದಲ್ಲಿ ಉಳ್ಳಾಗಡ್ಡಿ ಕೀಳುತ್ತ ಸವೆದ ಬೆರಳನ್ನು ಗಾಜಿಗೆ ಒತ್ತಿ, ಒರೆಸಿ, ಮತ್ತೆ ಒತ್ತಿ, “ತಂಬ್ ಹತ್ತವಲ್ದ್ರೀ” ಎನ್ನುವ ಮುದುಕಿ ಸಾಲಿನಿಂದ ಸರಿದು ನಿಲ್ಲುತ್ತಾಳೆ. ಇನ್ನೊಬ್ಬರಿಗೆ ಜಾಗ ಬಿಡದ ಯಂತ್ರ ಮೊದಲು ಹೊರಗೆ ಕಳಿಸುವುದು ಯಾರನ್ನೆಂದು ಇದಕ್ಕಿಂತ ಚೆನ್ನಾಗಿ ಯಾವ ಪ್ರಯೋಗವೂ ತೋರಿಸಲಾರದು.

ಪೂರ್ವಪಕ್ಷದವರ ಕೈಯಲ್ಲಿ ಒಂದು ಬಲವಾದ ಅಸ್ತ್ರವಿದೆ: ಸಿಂಪ್ಯೂಟರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಂಸ್ಥೆಯ ವಿನಯ್ ದೇಶಪಾಂಡೆ ಮೊದಲಾದವರು ಸೇರಿ ಹಳ್ಳಿಗರಿಗೆಂದೇ ರೂಪಿಸಿ, 2001ರಲ್ಲಿ ಲೋಕಕ್ಕೆ ತೋರಿಸಿದ ಕೈಗಣಕ ಅದು. ಲಿನಕ್ಸ್ ಮೇಲೆ ನಡೆಯುತ್ತಿತ್ತು, ಕಡ್ಡಿಯಿಂದ ಪರದೆಯ ಮೇಲೆ ಬರೆಯಬಹುದಿತ್ತು, ಬರಹವನ್ನು ಕನ್ನಡದಲ್ಲಿ ಓದಿ ಹೇಳುತ್ತಿತ್ತು. ಮುಖ್ಯವಾಗಿ, ಒಂದು ಯಂತ್ರವನ್ನು ಊರವರೆಲ್ಲ ಹಂಚಿಕೊಳ್ಳಲಿ ಎಂದು ತಲೆಗೊಂದು ಸ್ಮಾರ್ಟ್ ಕಾರ್ಡಿನ ಏರ್ಪಾಡು ಇತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಅದನ್ನು ಅಮಿಡಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಅಗ್ಗದ ಮಾದರಿಗೂ ಹತ್ತು ಸಾವಿರದ ಸುತ್ತ ಬೆಲೆ. ಅಷ್ಟರಲ್ಲಿ ಮೊಬೈಲು ಅಗ್ಗವಾಗತೊಡಗಿತ್ತು, ಸಿಂಪ್ಯೂಟರ್ ಉಳಿಯಲಿಲ್ಲ. ಹಂಚಿಕೊಳ್ಳುವ ಯಂತ್ರವೇ ಸೋತ ಮೇಲೆ ನಿಮ್ಮ ದ್ವಿಹಸ್ತ ಎಲ್ಲಿ ಉಳಿಯಿತು ಎಂಬುದು ಆಕ್ಷೇಪ. ಉತ್ತರ: ಅದನ್ನು ರೂಪಿಸಿದವರು ಜಾಣರು, ಸತ್ಯದ ಹೊಸ್ತಿಲ ತನಕ ಬಂದಿದ್ದರು. ಆದರೆ ಅವರು ಹಂಚಿದ್ದು ಹೊತ್ತನ್ನು, ಕೆಲಸವನ್ನಲ್ಲ. ಒಬ್ಬನಾದ ಮೇಲೆ ಒಬ್ಬ ತನ್ನ ಕಾರ್ಡು ತೂರಿಸಿ ಒಂಟಿಯಾಗಿ ಕೂರಬೇಕೆಂಬುದು ಅಲ್ಲಿನ ಕಲ್ಪನೆ. ಓದು ಬಾರದವನಿಗೆ ಯಂತ್ರವೇ ಓದಿ ಹೇಳಿದರೆ ಪಕ್ಕದಲ್ಲಿ ಮನುಷ್ಯ ಬೇಡವೆಂದು ತಿಳಿದರು. ಗದಗದ ಎಪಿಎಂಸಿಯ ಉಳ್ಳಾಗಡ್ಡಿ ದರ ಪರದೆಯ ಮೇಲೆ ಬಂದರೆ ಸುದ್ದಿ. ಅದನ್ನು ಆ ದಿನ ಪ್ಯಾಟಿಗೆ ಹೋಗಿ ಬಂದವನೊಬ್ಬ “ಹೌದಪಾ, ಖರೇ ಐತಿ” ಎಂದ ಮೇಲೆಯೇ ಅದು ದರ. ಯಂತ್ರಕ್ಕೆ ಕನ್ನಡ ಕಲಿಸಬಹುದು, ಪ್ಯಾಟಿಗೆ ಹೋಗಿ ಬರುವುದನ್ನು ಕಲಿಸುವುದು ಹೇಗೆ?

ಇನ್ನೊಂದು ಆಕ್ಷೇಪ ಗಂಭೀರವಾದದ್ದು. ಗುಟ್ಟಿನ ನಂಬರನ್ನು ಇನ್ನೊಬ್ಬರ ಕೈಗೆ ಕೊಟ್ಟರೆ ಖಾತೆ ಖಾಲಿಯಾಗುವುದಿಲ್ಲವೆ? ಆಗುತ್ತದೆ. ಆಟದ ಆ್ಯಪಿಗೆ ದುಡ್ಡು ಸುರಿದ ಮೊಮ್ಮಕ್ಕಳನ್ನು ಸಿದ್ಧಾಂತ ರಕ್ಷಿಸುವುದಿಲ್ಲ, ಅವರನ್ನು ರಕ್ಷಿಸುವ ಹೊಣೆ ಅಜ್ಜಿಯದು. ಮಿಂಚಂಚೆಯ ಖಾತೆಯನ್ನು ಯಾವುದೋ ಕಾಲದಲ್ಲಿ ಕಂಪ್ಯೂಟರ್ ಸೆಂಟರಿನ ಹುಡುಗ ತೆರೆದು ಕೊಟ್ಟಿದ್ದು, ಅದರ ಪಾಸ್‌ವರ್ಡು ಅವನೊಂದಿಗೇ ಊರು ಬಿಟ್ಟು ಹೋದದ್ದು ಮನೆಮನೆಯ ಕಥೆ. ಅದಕ್ಕೂ ನನ್ನಲ್ಲಿ ಸಮರ್ಥನೆಯಿಲ್ಲ. ಆದರೆ ದೊಡ್ಡ ಮೋಸಗಳ ರೀತಿಯನ್ನು ಗಮನಿಸಿರಿ. ಪೊಲೀಸರ ಸೋಗಿನಲ್ಲಿ ಫೋನು ಮಾಡಿ ಡಿಜಿಟಲ್ ಅರೆಸ್ಟ್ ಎಂದು ಹೆದರಿಸುವವನು ಮೊದಲು ಹೇಳುವ ಮಾತೇ, ಕೋಣೆಯ ಬಾಗಿಲು ಹಾಕಿಕೊಳ್ಳಿರಿ, ಯಾರಿಗೂ ಹೇಳಬೇಡಿರಿ ಎಂದು. ಅಂದರೆ ಬಲಿ ಬೀಳಬೇಕಾದರೆ ಮನುಷ್ಯ ಮೊದಲು ಕೈಪಿಡಿ ಬಯಸುವ ಏಕಾಕಿ ಬಳಕೆದಾರನಾಗಬೇಕು. ಸ್ಪೀಕರ್ ಹಚ್ಚದೆ ಫೋನಿನಲ್ಲಿ ಮಾತಾಡಲು ಬಾರದ, ಕಟ್ಟೆಯ ಮೇಲಿನ ನಾಲ್ಕು ಮಂದಿ ಕೇಳಿಸಿಕೊಳ್ಳದೆ ಯಾವ ಕರೆಯನ್ನೂ ಮುಗಿಸದ ಅಜ್ಜನ ಮೇಲೆ ಈ ವಿದ್ಯೆ ನಡೆಯುವುದು ಕಠಿಣ. ನಗರದ ವಿಮರ್ಶಕರು ಅಸಭ್ಯವೆಂದು ಮೂಗು ಮುರಿಯುವ ಆ ಸ್ಪೀಕರ್ ಈ ಸೀಮೆಯ ಬಲವಾದ ಭದ್ರತಾ ತಂತ್ರಾಂಶ.

ಹರೆಯದವರು ಒಂಟಿಯಾಗಿಯೇ ನಡೆಸುತ್ತಾರಲ್ಲ ಎಂಬ ಮಾತಿಗೆ ಹೆಚ್ಚು ಶಾಯಿ ಬೇಕಿಲ್ಲ. ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ರೈತರು ತಾವೇ ಹೊಲದಲ್ಲಿ ನಿಂತು ಫೋಟೋ ಏರಿಸಬಹುದೆಂದು ಸರ್ಕಾರ ಹೇಳಿತು. ಜೊತೆಗೆ ಊರಿನ ಯುವಕರನ್ನು ಖಾಸಗಿ ನಿವಾಸಿಗಳೆಂಬ ಹೆಸರಿನಲ್ಲಿ ಅದೇ ಕೆಲಸಕ್ಕೆ ನೇಮಿಸಿಕೊಂಡಿತು. ಆ ಯುವಕ ಫೋನು ಬಲ್ಲ, ಯಾವ ಬದುವಿನಿಂದ ಯಾವ ಸರ್ವೆ ನಂಬರು ಶುರುವೆಂದು ಬಲ್ಲವನು ರೈತ. ಕಪ್ಪತಗುಡ್ಡದ ಮಗ್ಗುಲಿನ ಹೊಲದಲ್ಲಿ ಟವರು ಸಿಗದೆ ಇಬ್ಬರೂ ದಿನ್ನೆ ಏರುವಾಗ ಯಾರು ಬಳಕೆದಾರ, ಯಾರು ಸಹಾಯಕ ಎಂದು ವಿಂಗಡಿಸುವುದು ಯಾವ ವಿದ್ವಾಂಸನಿಗೂ ಆಗದ ಕೆಲಸ.

ಆದಕಾರಣ ಕೈಗಣಕ ತಯಾರಿಸುವ ಎಲ್ಲ ಕಂಪನಿಗಳಲ್ಲಿ ಈ ಪ್ರಬಂಧದ ಅರಿಕೆ: ಮುಂದಿನ ಆವೃತ್ತಿಯ ಮೊದಲ ಪರದೆಯಲ್ಲಿ ಮೂರು ಹೆಸರಿಗೆ ಜಾಗ ಬಿಡಿರಿ. ಹಿಡಿಯುವವರ ಹೆಸರು ಮತ್ತು ಒತ್ತುವವರ ಹೆಸರು ಕಡ್ಡಾಯ. ಯಂತ್ರ ಕೆಟ್ಟಾಗ ಬೈಸಿಕೊಳ್ಳುವವರ ಹೆಸರು ಐಚ್ಛಿಕ. ಅದನ್ನು ಖಾಲಿ ಬಿಟ್ಟರೆ ಒತ್ತುವವರ ಹೆಸರೇ ತಾನಾಗಿ ತುಂಬಿಕೊಳ್ಳತಕ್ಕದ್ದು.